ಮುಹೂರ್ತವಿಲ್ಲದ ಕೆಲಸ

ಲಗ್ನಪತ್ರಿಕೆಯಲ್ಲಿ ಧಾರೆಯ ಹೊತ್ತು ಬೆಳಿಗ್ಗೆ 9.10ರಿಂದ 9.50 ಎಂದು ಅಚ್ಚಾಗಿದ್ದರೆ ಆ 40 ನಿಮಿಷ ಕ್ಯಾಮೆರಾ ಮಂಟಪದ ಎದುರು ಇರಲೇಬೇಕು. ಹಿಂದಿನ ರಾತ್ರಿ ಪಾಳಿಯಿತ್ತು, ಬಸ್ಸು ತಪ್ಪಿತು, ಮಗುವಿಗೆ ಜ್ವರ ಬಂತು ಎಂದರೆ ತಾಳಿ ಕಟ್ಟುವ ಗಳಿಗೆ ಕಾಯುವುದಿಲ್ಲ. ಇದು ಗೊತ್ತಿದ್ದೂ, ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಮಾಡಿಕೊಳ್ಳೋಣ ಎಂದು ಕ್ಯಾಮೆರಾ ಹಿಡಿದು ಹೊರಟವರು ಮೊದಲು ಕೈಹಾಕುವುದು ಮದುವೆಯ ಆರ್ಡರಿಗೇ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಹಗಲು ದುಡಿದು, ಉಳಿದ ಹೊತ್ತಿನಲ್ಲಿ ವಿಡಿಯೊ ಮಾಡಿ ಸಂಪಾದಿಸಬೇಕೆನ್ನುವವರು ಈಗ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಎರಡು ಸೀಸನ್ ಕಳೆಯುವಷ್ಟರಲ್ಲಿ ದಣಿದು ಕ್ಯಾಮೆರಾ ಕಪಾಟಿಗೆ ಸೇರಿಸುವವರೂ ಅವರಲ್ಲೇ ಇದ್ದಾರೆ. ಅವರಿಗೆ ಕೌಶಲ ಸಾಲಲಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ತಮ್ಮ ಬಿಡುವಿನ ಅಳತೆಗೆ ಹೊಂದದ ಕೆಲಸವನ್ನು ಆರಿಸಿಕೊಂಡರು, ಅಷ್ಟೆ. ಹೊತ್ತು ತಮ್ಮ ಕೈಯಲ್ಲಿರಬೇಕು ಎನ್ನುವವರು ಹುಡುಕಬೇಕಾದದ್ದು ಮುಹೂರ್ತವಿಲ್ಲದ ಕೆಲಸವನ್ನು. ಅದು ಮದುವೆ ಮನೆಯಷ್ಟು ಕಣ್ಣಿಗೆ ಬೀಳುವುದಿಲ್ಲ, ಆದರೆ ಇದೆ, ಮತ್ತು ಬೆಳೆಯುತ್ತಿದೆ.

ಮದುವೆಯ ಕ್ಯಾಲೆಂಡರನ್ನು ಒಮ್ಮೆ ಬಿಡಿಸಿ ನೋಡಿ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಗುರು ಅಥವಾ ಶುಕ್ರ ಮೌಢ್ಯ ಬಂದರೆ ಇನ್ನಷ್ಟು ವಾರಗಳು ಹೋಗುತ್ತವೆ. ಉಳಿದ ತಿಂಗಳುಗಳ ಒಳ್ಳೆಯ ಲಗ್ನಗಳಿಗೆ ಊರಿನ ಎಲ್ಲ ಕಲ್ಯಾಣ ಮಂಟಪಗಳೂ ಒಂದೇ ದಿನ ತುಂಬುತ್ತವೆ, ಆ ದಿನ ಭಾನುವಾರವೇ ಆಗಿರಬೇಕೆಂದಿಲ್ಲ. ಹಿಂದಿನ ಸಂಜೆ ಆರತಕ್ಷತೆ, ಮರುಬೆಳಿಗ್ಗೆ ಧಾರೆ, ಆಮೇಲೆ ಬೀಗರೂಟ: ಒಂದು ಆರ್ಡರಿಗೆ ಎರಡು ದಿನ ರಜೆ, ಕೆಲವೊಮ್ಮೆ ಮೂರು. ಕರಾವಳಿಯಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಯಕ್ಷಗಾನ ಮೇಳಗಳ ತಿರುಗಾಟ, ಭೂತಕೋಲ, ನಾಗಮಂಡಲಗಳೆಲ್ಲ ದೀಪಾವಳಿಯ ನಂತರ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತವೆ; ಕಂಬಳವೂ ಇದೇ ಅವಧಿಯಲ್ಲಿ. ಹಾಗಾಗಿ ದುಡಿಮೆ ವರ್ಷದ ಒಂದು ಭಾಗದಲ್ಲಿ ಒತ್ತೊತ್ತಾಗಿ ಬಂದು, ಇನ್ನೊಂದು ಭಾಗದಲ್ಲಿ ಬರಿದಾಗುತ್ತದೆ. ಪೂರ್ಣಾವಧಿ ಸ್ಟುಡಿಯೊಗೆ ಇದನ್ನು ಸಂಬಾಳಿಸುವ ಕ್ರಮ ಗೊತ್ತು. ತಿಂಗಳಿಗೆ ಒಂದೆರಡು ರಜೆ ಸಿಗುವ ನೌಕರನಿಗೆ ಏಪ್ರಿಲ್‌ನಲ್ಲಿ ಎಂಟು ಆರ್ಡರು, ಜುಲೈನಲ್ಲಿ ಒಂದೂ ಇಲ್ಲ ಎಂಬುದು ಉಪಆದಾಯವೆನಿಸುವುದಿಲ್ಲ, ಎರಡನೆಯ ನೌಕರಿಯೆನಿಸುತ್ತದೆ.

ಮಂಟಪದಲ್ಲಿ ಕಳೆದ ಗಂಟೆಗಳು ಕಣ್ಣಿಗೆ ಕಾಣುತ್ತವೆ. ಮನೆಯಲ್ಲಿ ಕಳೆಯುವ ಗಂಟೆಗಳನ್ನು ಯಾರೂ ಎಣಿಸುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ಚಿತ್ರೀಕರಿಸುವ ಕ್ಯಾಮೆರಾ ಒಂದು ಗಂಟೆಗೆ 45 ಗಿಗಾಬೈಟ್ ತುಂಬಿಸುತ್ತದೆ. ಎರಡು ಕ್ಯಾಮೆರಾ ತಲಾ ಆರು ಗಂಟೆ ಓಡಿದರೆ 540 ಗಿಗಾಬೈಟ್. ಮದುವೆಯನ್ನು ಮರುಚಿತ್ರೀಕರಿಸಲು ಸಾಧ್ಯವಿಲ್ಲದ ಕಾರಣ ಎರಡು ಪ್ರತಿ ಇಡಲೇಬೇಕು. ಸೆಕೆಂಡಿಗೆ 100 ಮೆಗಾಬೈಟ್ ಬರೆಯುವ ಡಿಸ್ಕಿಗೆ ಒಂದು ಪ್ರತಿ ಇಳಿಸಲು ಒಂದೂವರೆ ಗಂಟೆ, ಎರಡಕ್ಕೆ ಮೂರು. ಎಲ್ಲವನ್ನೂ ಒಮ್ಮೆ ನೋಡಲು 12 ಗಂಟೆ. ಅದರ ಮೇಲೆ ಆಯ್ಕೆ, ಧ್ವನಿ ಹೊಂದಾಣಿಕೆ, ಬಣ್ಣ, ಹೈಲೈಟ್, ‘ನಮ್ಮ ಸೋದರಮಾವ ಎಲ್ಲೂ ಕಾಣ್ತಿಲ್ಲ’ ಎಂಬ ಫೋನಿನ ನಂತರದ ತಿದ್ದುಪಡಿ. ಒಂದು ಲೆಕ್ಕ ಹಾಕೋಣ. ಅಂಕಿಗಳು ಕೇವಲ ಉದಾಹರಣೆಗೆ, ನಿಮ್ಮೂರಿನ ದರ ಹಾಕಿ ನೋಡಿಕೊಳ್ಳಿ. 30,000 ರೂಪಾಯಿಯ ಆರ್ಡರಿನಲ್ಲಿ ಸಹಾಯಕ ಮತ್ತು ಬಾಡಿಗೆ ಕ್ಯಾಮೆರಾಕ್ಕೆ 9,000, ಓಡಾಟ ಮತ್ತು ಡಿಸ್ಕಿಗೆ 3,000 ಹೋದರೆ ಉಳಿಯುವುದು 18,000. ಚಿತ್ರೀಕರಣದಿಂದ ಕೊನೆಯ ತಿದ್ದುಪಡಿಯವರೆಗೆ 60 ಗಂಟೆಯಾದರೆ ಗಂಟೆಗೆ 300 ರೂಪಾಯಿ. ಇನ್ನೊಂದು ಕಡೆ, ಒಬ್ಬ ಟ್ಯೂಷನ್ ಶಿಕ್ಷಕಿಗೆ ತಿಂಗಳಿಗೆ ನಾಲ್ಕು ಪಾಠಗಳ ವಿಡಿಯೊ, ಒಟ್ಟು 4,000 ರೂಪಾಯಿ; ಭಾನುವಾರ ಮೂರು ಗಂಟೆ ಚಿತ್ರೀಕರಣ, ವಾರದ ರಾತ್ರಿಗಳಲ್ಲಿ ಸೇರಿ ಏಳು ಗಂಟೆ ಸಂಕಲನ. ಗಂಟೆಗೆ 400. ಮೊತ್ತದಲ್ಲಿ ಸೋತ ಕೆಲಸ ಗಂಟೆಯಲ್ಲಿ ಗೆಲ್ಲಬಹುದು, ಅದೂ ಒಂದು ದಿನವೂ ರಜೆ ಹಾಕದೆ.

ಆ ಶಿಕ್ಷಕಿಯಂಥವರು ಎಲ್ಲಿದ್ದಾರೆ ಎಂಬುದು ಸಹಜ ಪ್ರಶ್ನೆ. ಸುತ್ತ ನೋಡಿದರೆ ಸಾಕು. ಸಂಗೀತ ಪಾಠ ಹೇಳುವವರು, ಯೋಗ ಕಲಿಸುವವರು, ಸಕ್ಕರೆ ಕಾಯಿಲೆಯ ಬಗ್ಗೆ ರೋಗಿಗಳಿಗೆ ದಿನಕ್ಕೆ 20 ಸಲ ಅದೇ ಮಾತು ಹೇಳಿ ದಣಿಯುವ ವೈದ್ಯರು, ಉಪ್ಪಿನಕಾಯಿ ಹಪ್ಪಳ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮಾರುವ ಗೃಹಿಣಿಯರು, ಸಸಿ ಮಾರುವ ನರ್ಸರಿಯವರು, ಮಲೆನಾಡಿನ ಹೋಮ್‌ಸ್ಟೇ ಮಾಲೀಕರು. ಇಳಕಲ್ಲಿನ ನೇಕಾರರು ಸೆರಗನ್ನೂ ಒಡಲನ್ನೂ ಕೂಡಿಸುವ ತೋಪು ತೆನೆಯ ವಿಧಾನವನ್ನು, ಚನ್ನಪಟ್ಟಣದ ಕುಶಲಕರ್ಮಿ ಆಲೆ ಮರದ ಗೊಂಬೆಗೆ ಅರಗಿನ ಬಣ್ಣ ಹತ್ತಿಸುವುದನ್ನು ಒಂದು ನಿಮಿಷ ತೋರಿಸಿದರೆ, ಯಂತ್ರದ ಸರಕಿಗೂ ಕೈಕೆಲಸಕ್ಕೂ ಬೆಲೆ ಏಕೆ ಬೇರೆ ಎಂದು ಗ್ರಾಹಕನಿಗೆ ಹೇಳಿ ಒಪ್ಪಿಸಬೇಕಾಗಿಲ್ಲ. ಇವರಲ್ಲಿ ಯಾರಿಗೂ ಇಂಥ ದಿನ ಇಂಥ ಗಳಿಗೆಯಲ್ಲೇ ಆಗಬೇಕೆಂಬುದಿಲ್ಲ. ಈ ಭಾನುವಾರ ತಪ್ಪಿದರೆ ಮುಂದಿನದು. ಇನ್ನೊಂದು ಬಗೆಯ ಕೆಲಸವೂ ಇದೆ, ಅದನ್ನು ಹಣಕ್ಕಿಂತ ದೊಡ್ಡದೆಂದೇ ನಾನು ಭಾವಿಸುತ್ತೇನೆ: ಮನೆಯ ಹಿರಿಯರ ದಾಖಲೀಕರಣ. ಎಂಬತ್ತು ದಾಟಿದ ಅಜ್ಜಿ ಹೇಳುವ ಸೋಬಾನೆ ಪದ, ಅಡುಗೆಯ ಅಳತೆ, ವಲಸೆ ಬಂದ ಕಥೆಯನ್ನು ಎರಡು ಮಧ್ಯಾಹ್ನ ಕೂತು ಚಿತ್ರೀಕರಿಸಿ, ಊರು ಬಿಟ್ಟು ದೂರ ಹೋದ ಮಕ್ಕಳಿಗೆ ಒಪ್ಪವಾಗಿ ಕಟ್ಟಿಕೊಡುವುದು. ಮದುವೆಯ ವಿಡಿಯೊಗೆ ಹಣ ತೆಗೆದಿಡುವ ಕುಟುಂಬಗಳಿಗೆ ಇದನ್ನೂ ಮಾಡಿಸಬಹುದೆಂಬ ಯೋಚನೆಯೇ ಹೊಳೆದಿರುವುದಿಲ್ಲ. ಕೇಳಿದರೆ ಬೇಡವೆನ್ನುವವರಿಗಿಂತ, ಇಷ್ಟು ದಿನ ಯಾಕೆ ಮಾಡಿಸಲಿಲ್ಲ ಎನ್ನುವವರೇ ಹೆಚ್ಚಿರಬಹುದು.

ಎಲ್ಲರ ಜೇಬಿನಲ್ಲೂ 4ಕೆ ಚಿತ್ರೀಕರಿಸುವ ಫೋನಿರುವಾಗ ಇದಕ್ಕೆಲ್ಲ ಹಣ ಕೊಡುವವರು ಯಾರು ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ಫೋನಿನಲ್ಲಿ ತೆಗೆದ ಪಾಠದ ವಿಡಿಯೊವನ್ನು ಒಮ್ಮೆ ನೋಡಿ: ಫ್ಯಾನಿನ ಗಾಳಿಯ ಶಬ್ದದಲ್ಲಿ ಮಾತು ಮುಳುಗಿರುತ್ತದೆ, ಕಿಟಕಿಗೆ ಬೆನ್ನು ಮಾಡಿ ಕೂತದ್ದರಿಂದ ಮುಖ ಕಪ್ಪಾಗಿರುತ್ತದೆ, ಎಲ್‌ಇಡಿ ದೀಪದಡಿ ಪರದೆಯ ಮೇಲೆ ಪಟ್ಟೆಗಳು ಓಡುತ್ತಿರುತ್ತವೆ. ನಮ್ಮ ವಿದ್ಯುತ್ತು 50 ಹರ್ಟ್ಜಿನದು, ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಶಟರನ್ನು ಸೆಕೆಂಡಿನ ಐವತ್ತನೆಯ ಇಲ್ಲವೇ ನೂರನೆಯ ಭಾಗಕ್ಕೆ ಇಟ್ಟು ಸೆಕೆಂಡಿಗೆ 25 ಚೌಕಟ್ಟಿನಲ್ಲಿ ತೆಗೆದರೆ ಆ ಪಟ್ಟೆ ಸಾಮಾನ್ಯವಾಗಿ ಮಾಯವಾಗುತ್ತದೆ. ಉಪಕರಣ ಎಲ್ಲರಲ್ಲಿದ್ದರೂ ಈ ತಿಳಿವಳಿಕೆ ಎಲ್ಲರಲ್ಲಿಲ್ಲ. ಹಣ ಬರುವುದು ಇದಕ್ಕೆ, ಮತ್ತು ಹೇಳುವ ವಿಷಯಕ್ಕೆ ಮೊದಲು ಕೊನೆ ಜೋಡಿಸಿಕೊಡುವುದಕ್ಕೆ. ಇದೇ ಆಕ್ಷೇಪದಲ್ಲಿ ಹೊಸಬರಿಗೆ ಒಂದು ಅನುಕೂಲವೂ ಅಡಗಿದೆ. ಫೋನು ಇಷ್ಟು ಸಮರ್ಥವಾಗಿದ್ದರೆ ಕಂತಿನ ಮೇಲೆ ದುಬಾರಿ ಕ್ಯಾಮೆರಾ ಕೊಳ್ಳುವ ಅವಸರವಿಲ್ಲ. ಒಂದು ಒಳ್ಳೆಯ ಕಾಲರ್ ಮೈಕು, ಒಂದು ಟ್ರೈಪಾಡು, ಒಂದು ದೀಪ ಸಾಕು. ದೊಡ್ಡ ಕ್ಯಾಮೆರಾ ಬೇಕಾದ ದಿನ ಬಾಡಿಗೆಗೆ ತರಬಹುದು. ಡಾವಿಂಚಿ ರಿಸಾಲ್ವ್‌ನಂಥ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲೇ ಈ ಕೆಲಸವೆಲ್ಲ ಆಗುತ್ತದೆ. ಕಂತು ಮೊದಲೇ ಶುರುವಾದರೆ, ಅದನ್ನು ತೀರಿಸಲು ಬೇಡದ ಆರ್ಡರನ್ನೂ ಒಪ್ಪಿಕೊಳ್ಳಬೇಕಾಗುತ್ತದೆ, ಹೊತ್ತು ಮತ್ತೆ ಕೈತಪ್ಪುತ್ತದೆ.

ಎರಡನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಇಡಿಗಂಟು ಬೇಕಾದವರಿಗೆ, ಉದಾಹರಣೆಗೆ ತಂಗಿಯ ಕಾಲೇಜು ಶುಲ್ಕ ಕಟ್ಟಬೇಕಾದವರಿಗೆ, ಸಾವಿರ ಸಾವಿರವಾಗಿ ಬರುವ ಹಣದಿಂದ ಏನಾದೀತು? ಅಂಥವರು ಮದುವೆಗೆ ಹೋಗಲಿ, ಆದರೆ ಆರ್ಡರು ಹಿಡಿಯದೆ, ಯಾವುದಾದರೂ ಸ್ಟುಡಿಯೊದ ಎರಡನೆಯ ಕ್ಯಾಮೆರಾ ಆಗಿ ಹೋಗಲಿ. ದಿನದ ಕೂಲಿ ಮೊದಲೇ ಮಾತಾಗಿರುತ್ತದೆ, ಸಂಜೆ ಮೆಮೊರಿ ಕಾರ್ಡು ಒಪ್ಪಿಸಿ ಮನೆಗೆ ಬಂದರೆ ಆ ಮದುವೆಯ ಋಣ ತೀರಿತು. ಇದಕ್ಕೆ ತದ್ವಿರುದ್ಧವಾದ ದಾರಿಯೂ ಅಷ್ಟೇ ಒಳ್ಳೆಯದು: ಚಿತ್ರೀಕರಣಕ್ಕೆ ಹೋಗದೆ, ಸೀಸನ್ನಿನಲ್ಲಿ ಸ್ಟುಡಿಯೊಗಳಲ್ಲಿ ರಾಶಿ ಬೀಳುವ ಸಂಕಲನವನ್ನು ಮನೆಗೆ ತಂದು ಮಾಡಿಕೊಡುವುದು. ಗಡುವು ವಾರಗಳಲ್ಲಿರುತ್ತದೆ, ಕೆಲಸ ರಾತ್ರಿಯೂ ಆಗುತ್ತದೆ, ಮಗುವಿನ ತಾಯಿಯೂ ಮನೆಯಲ್ಲೇ ಮಾಡಬಹುದು. ವಿಡಿಯೊ ವೃತ್ತಿಯಲ್ಲಿ ನಿಜವಾಗಿ ಬಾಗುವ, ಬಳುಕುವ ಕೆಲಸ ಇದೊಂದೇ ಎಂದರೂ ತಪ್ಪಾಗದು. ಸ್ವಂತ ಯೂಟ್ಯೂಬ್ ಚಾನೆಲನ್ನು ಈ ಸಾಲಿಗೆ ನಾನು ಸೇರಿಸುವುದಿಲ್ಲ. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಅದು ಗಿಡ ನೆಟ್ಟು ಕಾಯುವ ಕೆಲಸ. ಈ ತಿಂಗಳ ಖರ್ಚಿಗೆ ಒದಗುವುದಿಲ್ಲ.

ಕಾನೂನಿನ ಮಾತು ಬಂದಾಗ ಹೆಚ್ಚಿನವರು ಡ್ರೋನ್ ಒಂದನ್ನೇ ನೆನೆಯುತ್ತಾರೆ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರಿದ ಡ್ರೋನನ್ನು ಹಣಕ್ಕಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು, ಅದು ನಿಜ. ಆದರೆ ಬಿಡುವಿನ ದುಡಿಮೆಯವರಿಗೆ ಇನ್ನೂ ಹತ್ತಿರದ್ದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್. ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ಮಾಡಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರ ಮಾಡಿಸಿದವರೇ. ನೀವೇ ತೆಗೆದ ದೃಶ್ಯವನ್ನು ನಿಮ್ಮ ಕೆಲಸದ ಮಾದರಿಯಾಗಿ ತೋರಿಸಲೂ ಒಪ್ಪಿಗೆ ಬೇಕಾಗಬಹುದು. ಎಷ್ಟು ವಿಡಿಯೊ, ಎಷ್ಟು ಸಲ ತಿದ್ದುಪಡಿ, ಅಡ್ವಾನ್ಸ್ ಎಷ್ಟು, ಮಾದರಿಯಾಗಿ ಬಳಸಬಹುದೇ ಎಂಬ ನಾಲ್ಕು ಸಾಲನ್ನು ಮೊದಲೇ ಬರೆದು ಒಪ್ಪಿಸಿಕೊಂಡರೆ ಆಮೇಲಿನ ಮನಸ್ತಾಪ ಬಹುಪಾಲು ತಪ್ಪುತ್ತದೆ. ತಿದ್ದುಪಡಿಯ ಸಂಖ್ಯೆಯನ್ನು ವಿಶೇಷವಾಗಿ ಬರೆಯಬೇಕು. ಮಿತಿಯಿಲ್ಲದ ತಿದ್ದುಪಡಿಯೆಂದರೆ ಬಿಡುವನ್ನು ಪೂರ್ತಿ ಬರೆದುಕೊಟ್ಟಂತೆ. ಹಗಲಿನ ಮಾಲೀಕರ ನಿಯಮವನ್ನೂ ಓದಿಕೊಳ್ಳಬೇಕು. 2022ರಲ್ಲಿ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ವಿಪ್ರೊ ತೆಗೆದುಹಾಕಿತು. ಅದೇ ವರ್ಷ ಇನ್ಫೊಸಿಸ್, ಸ್ಪರ್ಧೆಯಿಲ್ಲದ ಬಿಡಿ ಕೆಲಸಕ್ಕೆ ಪೂರ್ವಾನುಮತಿ ಪಡೆದು ಹೋಗಬಹುದೆಂದಿತು. ಸರ್ಕಾರಿ ನೌಕರರ ಮೇಲೆ ನಡತೆ ನಿಯಮಗಳ ಕಟ್ಟುಪಾಡು ಇನ್ನೂ ಬಿಗಿಯಾಗಿದೆ. ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ, ಆದರೆ ಬಂದ ಲಾಭವನ್ನು ಆದಾಯ ತೆರಿಗೆಯ ವಿವರದಲ್ಲಿ ತೋರಿಸಲೇಬೇಕು.

ಇಷ್ಟೆಲ್ಲದರ ನಡುವೆ ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಸಂಬಳ ಬರುವವರು ಕ್ಯಾಮೆರಾ ಹಿಡಿದರೆ, ಅದನ್ನೇ ನಂಬಿದ ಸ್ಟುಡಿಯೊದವರ ಗತಿಯೇನು? ಅಂಗಡಿ ಬಾಡಿಗೆ, ಸಹಾಯಕನ ಸಂಬಳ, ಆಲ್ಬಂ ಸಾಲ ಹೊತ್ತವರು ಕೇಳುವ ದರಕ್ಕಿಂತ ಅರ್ಧಕ್ಕೆ ಒಪ್ಪಿಕೊಳ್ಳುವ ಭಾನುವಾರದ ಕ್ಯಾಮೆರಾದವರು ಊರಿನ ದರವನ್ನೇ ಮುರಿಯುತ್ತಾರೆ. ಈ ದೂರು ನ್ಯಾಯವಾದದ್ದು, ಅದಕ್ಕೆ ಜಾಣ ಉತ್ತರ ಹುಡುಕುವುದು ಸರಿಯಲ್ಲ. ಮುಹೂರ್ತವಿಲ್ಲದ ಕೆಲಸದ ಪರವಾಗಿ ನಾನು ವಾದಿಸುವುದಕ್ಕೆ ಇದೂ ಒಂದು ಕಾರಣ. ಹಪ್ಪಳ ಮಾಡುವವರ ಒಂದು ನಿಮಿಷದ ವಿಡಿಯೊ, ಅಜ್ಜಿಯ ಎರಡು ಮಧ್ಯಾಹ್ನದ ಮಾತು ಸ್ಟುಡಿಯೊದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ದುಡಿದವರು ಯಾರ ಅನ್ನವನ್ನೂ ಕಿತ್ತುಕೊಳ್ಳುವುದಿಲ್ಲ. ಸಂಕಲನಕ್ಕೋ ಎರಡನೆಯ ಕ್ಯಾಮೆರಾಕ್ಕೋ ಹೋದವರು ಸ್ಟುಡಿಯೊದ ಕೈ ಬಲಪಡಿಸುತ್ತಾರೆ. ಮದುವೆಯ ಆರ್ಡರನ್ನೇ ಹಿಡಿಯುವುದಾದರೆ ಊರಿನ ದರಕ್ಕೇ ಹಿಡಿಯಬೇಕು.

ಇನ್ನು ಆಷಾಢ. ಮಂಟಪಗಳಿಗೆ ಬೀಗ ಬಿದ್ದು, ಮೇಳಗಳು ತಿರುಗಾಟ ಮುಗಿಸಿ, ಸ್ಟುಡಿಯೊಗಳು ಹಳೆಯ ಆಲ್ಬಂ ಮುಗಿಸುತ್ತಿರುವ ಹೊತ್ತಿಗೇ ಇತ್ತ ಟ್ಯೂಷನ್ನುಗಳು ತೆರೆದಿರುತ್ತವೆ, ನರ್ಸರಿಗಳಲ್ಲಿ ಅಡಿಕೆ ಸಸಿ ಗಾಡಿಗೇರುತ್ತಿರುತ್ತದೆ, ಸಕಲೇಶಪುರದಿಂದ ಆಗುಂಬೆಯವರೆಗೆ ಹೋಮ್‌ಸ್ಟೇಗಳ ಹಿಂದಿನ ತೊರೆಗಳು ತುಂಬಿ ಹರಿಯುತ್ತಿರುತ್ತವೆ. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನವರಿಗೆ ತೋರಿಸಬೇಕಾದ ಆ ನೀರನ್ನು ಚಿತ್ರೀಕರಿಸಲು ಈಗಲೇ ಹೋಗಬೇಕು. ಅದಕ್ಕೂ ಒಂದು ಹೊತ್ತು ಇದೆಯೆನ್ನಿ, ಆದರೆ ಅದು 40 ನಿಮಿಷದ್ದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು.