ಗಾಡಿ ಎಷ್ಟು ಕೊಡುತ್ತೆ?

ತೀರ್ಥಹಳ್ಳಿಯ ನನ್ನ ಗ್ಯಾರೇಜಿಗೆ ಹೊಸ ಕಾರು ತರುವವರ ದೂರು ಹೆಚ್ಚುಕಡಿಮೆ ಒಂದೇ: "ಕೊಳ್ಳುವಾಗ ಇಪ್ಪತ್ತೆರಡು ಕೊಡುತ್ತೆ ಅಂದಿದ್ರು, ಹದಿನೈದು ದಾಟ್ತಾ ಇಲ್ಲ. ಇಂಜಿನ್ ನೋಡಿ ಮಾರಾಯ್ರೆ." ಇಂಜಿನ್ನಿನಲ್ಲಿ ಬಹಳ ಸಲ ಏನೂ ಇರುವುದಿಲ್ಲ. ಆ ಇಪ್ಪತ್ತೆರಡು ಎಲ್ಲಿಂದ ಬಂತು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಪುಣೆಯ ಎಆರ್‌ಎಐನಂಥ ಪರೀಕ್ಷಾ ಕೇಂದ್ರಗಳಲ್ಲಿ ಹುಟ್ಟುವ ಅಂಕಿ ಅದು. ನಮ್ಮಲ್ಲಿ ನಡೆದುಬಂದಿರುವ ಪದ್ಧತಿಯಲ್ಲಿ ಆ ಪರೀಕ್ಷೆಗೆ ಕಾರು ರಸ್ತೆಗಿಳಿಯುವುದೇ ಇಲ್ಲ. ಚಕ್ರಗಳನ್ನು ರೋಲರ್ ಮೇಲೆ ಕೂರಿಸುತ್ತಾರೆ. ಪರದೆಯ ಮೇಲೆ ಮೂಡುವ ವೇಗದ ಗೆರೆ ನೋಡಿಕೊಂಡು ಚಾಲಕ ಕೂತಲ್ಲೇ ಓಡಿಸುತ್ತಾನೆ. 1180 ಸೆಕೆಂಡು, ಸುಮಾರು 11 ಕಿ.ಮೀ., ಗರಿಷ್ಠ ವೇಗ 90. ಎ.ಸಿ. ಹಾಕುವುದಿಲ್ಲ. ಸೈಲೆನ್ಸರಿನಿಂದ ಬಂದ ಅನಿಲ ಹಿಡಿದು, ಅದರಲ್ಲಿರುವ ಇಂಗಾಲದ ಲೆಕ್ಕದಿಂದ ಎಷ್ಟು ಪೆಟ್ರೋಲ್ ಉರಿಯಿತೆಂದು ತಿಳಿಯುತ್ತಾರೆ. ನಮ್ಮ ಮಳೆ, ಗುಂಡಿ, ಹಂಪು, ಏರುದಾರಿ ಯಾವುದೂ ಅಲ್ಲಿಲ್ಲ. ಇದನ್ನು ಮೋಸ ಎಂದು ನಾನು ಹೇಳಲಾರೆ. ಎಲ್ಲ ಕಾರಿಗೂ ಒಂದೇ ಪರೀಕ್ಷೆ ಆದ್ದರಿಂದ ಎರಡು ಕಾರುಗಳಲ್ಲಿ ಯಾವುದು ಮೇಲು ಎಂದು ನೋಡಲು ಆ ಅಂಕಿ ಚೆನ್ನಾಗಿಯೇ ಒದಗುತ್ತದೆ. ಮನೆ ಖರ್ಚಿನ ಲೆಕ್ಕಕ್ಕೆ ಮಾತ್ರ ಒದಗುವುದಿಲ್ಲ.

ಅದಕ್ಕೆ ನಿಮ್ಮ ಗಾಡಿಯನ್ನು ನೀವೇ ಅಳೆಯಬೇಕು. ಪೈಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕಿನ ಮುಕ್ಕಾಲು ಭಾಗವಾದರೂ ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ನೂರು ರೂಪಾಯಿಗೆ ಹಾಕಿಸಿ ಅಳೆದ ಮೈಲೇಜನ್ನು ನಾನು ನಂಬುವುದಿಲ್ಲ. ಹಳೆಯ ಡೈರಿಯ ಲೆಕ್ಕವನ್ನು ಈಗಿನದಕ್ಕೆ ಹೋಲಿಸುವವರು ಇನ್ನೊಂದು ಗಮನಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ, ಅದರ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಅದಕ್ಕೆ ಹೊಂದಿಸದ ಹಳೆ ಕಾರುಗಳಲ್ಲಿ ಮೈಲೇಜ್ ಶೇ. 6-7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು.

ಲೆಕ್ಕ ಸಿಕ್ಕ ಮೇಲೆ, ಕಡಿಮೆ ಕೊಡುವ ಗಾಡಿಯವರು ಕೈಚೆಲ್ಲಬೇಡಿ. ಹತ್ತು ಕೊಡುವ ಜೀಪು ಹನ್ನೆರಡು ಕೊಟ್ಟರೆ ಸಾವಿರ ಕಿಲೋಮೀಟರಿಗೆ ಹದಿನಾರು ಲೀಟರಿಗೂ ಹೆಚ್ಚು ಉಳಿಯುತ್ತದೆ. ಇಪ್ಪತ್ತು ಕೊಡುವ ಕಾರು ಇಪ್ಪತ್ತನಾಲ್ಕಕ್ಕೆ ಏರಿದರೂ ಉಳಿಯುವುದು ಎಂಟು ಲೀಟರ್ ಚಿಲ್ಲರೆ.

ಗ್ಯಾರೇಜಿನಲ್ಲಿ ನಾನು ಮೊದಲು ನೋಡುವುದು ಗಾಳಿ. ಡ್ರೈವರ್ ಬಾಗಿಲ ಪಕ್ಕದ ಕಂಬದಲ್ಲಿ ಕಂಪನಿಯೇ ಅಂಟಿಸಿದ ಚೀಟಿ ಇರುತ್ತದೆ, ಟೈರ್ ತಣ್ಣಗಿರುವಾಗ ಅಷ್ಟು ಗಾಳಿ ಇರಬೇಕು. ಆಮೇಲೆ ಜಾಕ್ ಏರಿಸಿ ಚಕ್ರ ಕೈಯಲ್ಲಿ ತಿರುಗಿಸುತ್ತೇನೆ. ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ, ಮಳೆಗಾಲ ಮುಗಿದ ಮೇಲೆ ಇದು ನಮ್ಮ ಕಡೆ ಸಾಮಾನ್ಯ. ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಹೆಚ್ಚುತ್ತದೆಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಈಗಿನ ಇಂಜಿನ್ ಗಾಳಿಯನ್ನು ಅಳೆದೇ ಪೆಟ್ರೋಲ್ ಬಿಡುತ್ತದೆ. ಫಿಲ್ಟರ್ ಕಟ್ಟಿದರೆ ಪಿಕಪ್ ಹೋಗುತ್ತದೆ, ಅದಕ್ಕಾಗಿ ಬದಲಿಸಿ.

ಉಳಿದದ್ದೆಲ್ಲ ಬಲಗಾಲಿನ ಕೈಯಲ್ಲಿದೆ. ಗಾಳಿಯ ತಡೆ ವೇಗದ ವರ್ಗದಷ್ಟು ಬೆಳೆಯುತ್ತದೆ. ಎಂಬತ್ತರಲ್ಲಿ ಹೋಗುವವರು ನೂರಕ್ಕೆ ಏರಿಸಿದರೆ ಆ ತಡೆ ಒಂದೂವರೆ ಪಟ್ಟಿಗೂ ಮೀರುತ್ತದೆ. ಖಾಲಿ ಕ್ಯಾರಿಯರ್ ಮಾಡಿನ ಮೇಲೆ ಹೊತ್ತು ತಿರುಗುವವರಿಗೆ ಇನ್ನೂ ನಷ್ಟ.

ಆಗುಂಬೆ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆಂದು ನಂಬಿದವರು ನಮ್ಮೂರಿನಲ್ಲಿ ಈಗಲೂ ಇದ್ದಾರೆ. ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸುವ ನಂಬಿಕೆ ಇದು. ಇಂಜೆಕ್ಷನ್ ಇರುವ ಇಂಜಿನ್, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಉರುಳುವ ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ಆರದಂತೆ ಪೆಟ್ರೋಲ್ ಮತ್ತೆ ಸುರಿಯತೊಡಗುತ್ತದೆ. ಉಳಿತಾಯ ಎಂದು ಮಾಡಿದ್ದು ಖರ್ಚೇ ಆಯಿತು. ಮೇಲಿಂದ ಇಂಜಿನ್ನಿನ ಹಿಡಿತ ತಪ್ಪಿ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಲೈನರ್ ಕಾದು ಬ್ರೇಕ್ ಹಿಡಿಯದೇ ಹೋಗಬಹುದು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದು ಜೀವ ಉಳಿಸಲು, ಈಗಿನ ಇಂಜಿನ್ನುಗಳಲ್ಲಿ ಅದು ಪೆಟ್ರೋಲನ್ನೂ ಉಳಿಸುತ್ತದೆ. ಘಾಟಿಯಲ್ಲಿ ದಯವಿಟ್ಟು ಗೇರ್ ಬಿಡಬೇಡಿ.