ಹೊಸ ಚೌಕಟ್ಟಿಗೆ ಹಳೆಯ ಕ್ಯಾಲಿಪರ್ ಬ್ರೇಕಿನ ಜೋಡಣೆ

ಕ್ಯಾಲಿಪರ್ ಬ್ರೇಕ್ ಎಂಬುದು ಸೈಕಲ್ಲಿನ ರಿಮ್ಮನ್ನು ಎರಡೂ ಪಕ್ಕಗಳಿಂದ ರಬ್ಬರುಗಳ ಮೂಲಕ ಒತ್ತಿ ವೇಗವನ್ನು ತಗ್ಗಿಸುವ ಸಾಧನ. ಹಳೆಯ ಕ್ಯಾಲಿಪರನ್ನು ಹೊಸ ರಸ್ತೆ ಸೈಕಲ್ಲಿನ ಚೌಕಟ್ಟಿಗೆ ಅಳವಡಿಸಬಹುದೇ ಎಂಬುದು ತೋಳಿನ ಉದ್ದ, ಬೋಲ್ಟಿನ ಬಗೆ ಮತ್ತು ತಂತಿಯ ಎಳೆತ ಎಂಬ ಮೂರು ಅಂಶಗಳನ್ನು ಅವಲಂಬಿಸಿದೆ. ಡಿಸ್ಕ್ ಬ್ರೇಕಿಗೆಂದೇ ರೂಪಿಸಿದ ಚೌಕಟ್ಟುಗಳಲ್ಲಿ ಸಾಮಾನ್ಯವಾಗಿ ಕ್ಯಾಲಿಪರ್ ಕೂರಿಸುವ ರಂಧ್ರವೇ ಇರುವುದಿಲ್ಲ.

ಹಿನ್ನೆಲೆ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಬಿಳಿಚೋಡಿನಂತಹ ಗ್ರಾಮಗಳಲ್ಲಿ ಬಹುಕಾಲ ಪರಿಚಿತವಾಗಿದ್ದುದು 28 ಅಂಗುಲದ ಕಪ್ಪು ಸೈಕಲ್ಲು. ಅದರ ಬ್ರೇಕಿನಲ್ಲಿ ತಂತಿಯ ಬದಲು ಸರಳುಗಳಿದ್ದು, ರಬ್ಬರು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಆದುದರಿಂದ ಆ ಬ್ರೇಕನ್ನು ರಸ್ತೆ ಸೈಕಲ್ಲಿಗೆ ಬಳಸಲಾಗದು. ಇಲ್ಲಿ ವಿವರಿಸಿರುವುದು ತಂತಿಯಿಂದ ನಡೆಯುವ ಕ್ಯಾಲಿಪರನ್ನು ಕುರಿತು.

ತೋಳಿನ ಉದ್ದ

ಚೌಕಟ್ಟಿನ ಬೋಲ್ಟ್ ರಂಧ್ರದ ಮಧ್ಯದಿಂದ ರಿಮ್ಮಿನ ಪಕ್ಕದ ಪಟ್ಟಿಯ ಮಧ್ಯದವರೆಗಿನ ಅಂತರವನ್ನು ಮೊದಲು ಅಳೆಯಬೇಕು. ಇಂದಿನ ಗಿಡ್ಡ ತೋಳಿನ ಕ್ಯಾಲಿಪರುಗಳು ಸಾಮಾನ್ಯವಾಗಿ 39ರಿಂದ 49 ಮಿ.ಮೀ., ಉದ್ದ ತೋಳಿನವು 47ರಿಂದ 57 ಮಿ.ಮೀ. ಅಂತರಕ್ಕೆ ಹೊಂದುತ್ತವೆ. ಹಳೆಯವುಗಳಲ್ಲಿ ಹಲವು ಉದ್ದ ತೋಳಿನವು. ಅಂತರ 42 ಮಿ.ಮೀ. ಇರುವ ಚೌಕಟ್ಟಿಗೆ ಅಂಥದನ್ನು ಕೂರಿಸಿದರೆ ರಬ್ಬರು ರಿಮ್ಮಿನಿಂದ ಕೆಳಗಿಳಿದು ಕಡ್ಡಿಗಳಿಗೆ ಸಿಲುಕಬಹುದು. ತೋಳು ಗಿಡ್ಡವಾದರೆ ರಬ್ಬರು ಟೈರನ್ನು ಉಜ್ಜಿ ಹರಿಯುತ್ತದೆ. ಎರಡೂ ಪ್ರಾಣಾಪಾಯಕರ.

ಬೋಲ್ಟಿನ ಬಗೆ

ಹಳೆಯ ಕ್ಯಾಲಿಪರಿನ ಉದ್ದನೆಯ 6 ಮಿ.ಮೀ. ಬೋಲ್ಟನ್ನು ಹಿಂಬದಿಯಿಂದ ಹೊರನಟ್ಟು ಬಿಗಿಹಿಡಿಯುತ್ತದೆ. ಹೊಸ ಚೌಕಟ್ಟಿನಲ್ಲಿ ಹಿಂಬದಿಯ ರಂಧ್ರ 8 ಮಿ.ಮೀ. ಇದ್ದು, ಕೊಳವೆಯಾಕಾರದ ನಟ್ಟು ಅದರೊಳಗೆ ಕೂರುತ್ತದೆ. ಅದನ್ನು ಅಲನ್ ಕೀಲಿಯಿಂದ ಬಿಗಿಯಬೇಕು. ಸಾಧ್ಯವಿದ್ದಲ್ಲಿ ಕ್ಯಾಲಿಪರಿನ ನಡುಬೋಲ್ಟನ್ನೇ ಗಿಡ್ಡ ಬೋಲ್ಟಿಗೆ ಬದಲಿಸುವುದು ಉತ್ತಮ. ಕಾರ್ಬನ್ ಫೋರ್ಕನ್ನು ಎಂದಿಗೂ ಕೊರೆಯಬಾರದು.

ತಂತಿಯ ಎಳೆತ

ಹೊಸ ಬ್ರೇಕ್ ಹಿಡಿಗಳಲ್ಲಿ ಹಲವು ಹಳೆಯವುಗಳಿಗಿಂತ ಹೆಚ್ಚು ತಂತಿಯನ್ನು ಎಳೆಯುತ್ತವೆ. ಅವುಗಳೊಂದಿಗೆ ಹಳೆಯ ಕ್ಯಾಲಿಪರ್ ಬಳಸಿದರೆ ಹಿಡಿ ಗಟ್ಟಿಯಾಗಿದ್ದು, ಒತ್ತಡ ಮಾತ್ರ ಕಡಿಮೆಯಾಗುತ್ತದೆ. ಹಿಡಿಯ ಬಿಗಿತವನ್ನು ಬ್ರೇಕಿನ ಬಲವೆಂದು ತಪ್ಪಾಗಿ ಭಾವಿಸಬಾರದು.

ಪರೀಕ್ಷೆ

ಗಡುಸಾದ ಹಳೆಯ ರಬ್ಬರುಗಳನ್ನು ಬದಲಿಸಬೇಕು. ರಬ್ಬರನ್ನು ತೂರಿಸುವ ಬಗೆಯ ಗೂಡಾದರೆ ಅದರ ತೆರೆದ ತುದಿ ಹಿಂದಕ್ಕಿರಬೇಕು. ಮುಂದಕ್ಕಿದ್ದರೆ ತಿರುಗುವ ಚಕ್ರ ರಬ್ಬರನ್ನು ಹೊರಗೆಳೆಯುತ್ತದೆ. ಸೈಕಲ್ಲನ್ನು ನಿಲ್ಲಿಸಿಕೊಂಡು ಹಿಡಿಯನ್ನು ಪೂರ್ಣ ಬಲದಿಂದ ಒತ್ತಿ, ರಬ್ಬರು ರಿಮ್ಮಿಗೆ ಮಾತ್ರ ತಾಗುವುದನ್ನೂ ಬೋಲ್ಟು ಅಲುಗದಿರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಅನಂತರ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಪರೀಕ್ಷಿಸದೆ ಇಳಿಜಾರಿಗೆ ಇಳಿಯಬಾರದು.