ಧನುರ್ಮಾಸದಲ್ಲಿ ಮನೆ ಕೊಳ್ಳುವಾಗ

ಧನುರ್ಮಾಸದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತವಿಲ್ಲ. ಹೀಗಾಗಿ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಬೆಂಗಳೂರಿನಲ್ಲಿ ಮುಂಗಡ ಕೊಡಲೂ ಹಿಂಜರಿಯುವವರುಂಟು. ಚೌಕಾಸಿಗೆ ಇದೇ ಸಕಾಲ. ಪಂಚಾಂಗವೇನೂ ದರ ಕೇಳುವುದನ್ನು ನಿಷೇಧಿಸಿಲ್ಲವಲ್ಲ!

ಆದರೆ ಚಳಿಗಾಲದಲ್ಲಿ ಮನೆ ತನ್ನ ಹುಳುಕನ್ನು ತೋರುವುದಿಲ್ಲ. ಮಳೆಗಾಲದ ಸೋರಿಕೆ ಹೊಸ ಬಣ್ಣದಡಿ ಅಡಗಿರುತ್ತದೆ. ಹಿಂಗಾರು ಮುಗಿದ ಹೊಸದರಲ್ಲಿ ಕೊಳವೆಬಾವಿಯೂ ಉದಾರಿಯೇ. 2024ರ ಬೇಸಿಗೆಯಲ್ಲಿ ಅವು ಸಾವಿರಾರು ಸಂಖ್ಯೆಯಲ್ಲಿ ಬತ್ತಿದಾಗ, ಟ್ಯಾಂಕರ್‌ಗಾಗಿ ಕಾದವರಲ್ಲಿ ಕೋಟಿ ತೆತ್ತು ಫ್ಲ್ಯಾಟ್ ಕೊಂಡವರೂ ಇದ್ದರು. ಆದ್ದರಿಂದ ಮಾಲೀಕರಿಗಿಂತ ಮೊದಲು ಮೇಲಂತಸ್ತಿನ ಬಾಡಿಗೆದಾರರನ್ನು ವಿಚಾರಿಸಬೇಕು. ಕಳೆದ ಏಪ್ರಿಲ್‌ನ ಟ್ಯಾಂಕರ್ ಬಿಲ್ಲು ಕೇಳಬೇಕು. ಇ-ಖಾತೆ, ಋಣಭಾರ ಪತ್ರಗಳ ಪರಿಶೀಲನೆ ಹೇಗೂ ಇದ್ದದ್ದೇ.

ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. 80 ಲಕ್ಷದ ಮನೆಗೆ ಹೆಚ್ಚುವರಿ ಹೊರೆ 80 ಸಾವಿರ. ಧನುರ್ಮಾಸದ ಚೌಕಾಸಿಯಲ್ಲಿ ಅಷ್ಟನ್ನಾದರೂ ಇಳಿಸಿಕೊಳ್ಳಲು ಯತ್ನಿಸಬಹುದು.